ಫೀಸೇ ಇಲ್ಲದ ಕಾಲೇಜನ್ನು ಮಗ ಯಾಕೆ ಬಿಟ್ಟ?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಹಳ್ಳಿ. ಮೂರು ಎಕರೆ ಹೊಲ ಇದೆ, ನಾನು ಅಂಗನವಾಡಿ ಸಹಾಯಕಿ. ಪ್ರವರ್ಗ-1ಕ್ಕೆ ಸೇರಿದವರು. ಮಗ ಸರ್ಕಾರಿ ಪದವಿ ಕಾಲೇಜಿಗೆ ಬಿ.ಎ. ಸೇರಿ ಎರಡನೇ ವರ್ಷದಲ್ಲಿ ಬಿಟ್ಟುಬಿಟ್ಟ. ಅಲ್ಲಿ ಹೇಳಿಕೊಳ್ಳುವಂಥ ಫೀಸೇ ಇರಲಿಲ್ಲ. ಈಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುತ್ತಾನೆ. ಈ ವರ್ಷ ಮಗಳು ಪಿಯುಸಿ ಕಾಮರ್ಸ್‌ನಲ್ಲಿ ಶೇ 84 ತೆಗೆದಿದ್ದಾಳೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನವರು ಬಿಬಿಎಗೆ ವರ್ಷಕ್ಕೆ 90,000, ಹಾಸ್ಟೆಲ್ ಬೇರೆ, ಲೋನ್ ನಾವೇ ಮಾಡಿಸುತ್ತೇವೆ ಎಂದು ದಿನಾ ಫೋನ್ ಮಾಡುತ್ತಿದ್ದಾರೆ. ಸರ್ಕಾರಿ ಕಾಲೇಜಿಗೆ ಹಾಕಿದರೆ ಅಣ್ಣನ ಹಾಗೇ ಇವಳೂ ಬಿಟ್ಟರೆ ಎಂಬ ಭಯ. ಡಿಗ್ರಿ ಮೂರು ವರ್ಷವೋ ನಾಲ್ಕು ವರ್ಷವೋ ಅದೂ ತಿಳಿಯುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಮಗನ ವಿಷಯ. ಅದು ಬಿಡಿಸಿಕೊಂಡರೆ ಮಗಳದ್ದು ಅರ್ಧ ಬಗೆಹರಿದ ಹಾಗೆ.

ಫೀಸು ಇಲ್ಲ ಎಂದರೆ ಖರ್ಚು ಇಲ್ಲ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ, ಸರ್ಕಾರವೂ ಹಾಗೇ ಅಂದುಕೊಂಡಿದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದುವ ಹಳ್ಳಿ ಹುಡುಗನ ಖರ್ಚಿನಲ್ಲಿ ಕಾಲೇಜಿಗೆ ಕಟ್ಟುವ ದುಡ್ಡು ಎಲ್ಲಕ್ಕಿಂತ ಚಿಕ್ಕ ಬಾಬತ್ತು. ಬಸ್ ಪಾಸು, ಮಧ್ಯಾಹ್ನದ ಊಟ, ಪರೀಕ್ಷಾ ಶುಲ್ಕ, ನೋಟ್ಸಿನ ಜೆರಾಕ್ಸು, ರೀಚಾರ್ಜು, ರೂಮು ಮಾಡಿದ್ದರೆ ಬಾಡಿಗೆ. ಇದೆಲ್ಲಕ್ಕಿಂತ ದೊಡ್ಡದು ಅವನು ದುಡಿಯದೆ ಬಿಟ್ಟ ಕೂಲಿ. ಲೆಕ್ಕಕ್ಕೆ ಹೇಳುತ್ತೇನೆ: ದಿನಕ್ಕೆ 500 ರೂಪಾಯಿಯಂತೆ ತಿಂಗಳಿಗೆ ಇಪ್ಪತ್ತು ದಿನ ದುಡಿದರೂ 10,000. ಗೆಳೆಯರು ಬೆಂಗಳೂರಿನಿಂದ ಹಬ್ಬಕ್ಕೆ ಬಂದು ಹೊಸ ಫೋನು ತೋರಿಸಿ ಹೋಗುವಾಗ ಈ ಹುಡುಗ ಅಮ್ಮನ ಹತ್ತಿರ ನೂರು ರೂಪಾಯಿ ಕೇಳಬೇಕು. ನಿಮ್ಮ ಕಡೆ ಹತ್ತಿ ಬಿಡಿಸುವ ಕಾಲಕ್ಕೇ ಸೆಮಿಸ್ಟರ್ ಅರ್ಧಕ್ಕೆ ಬಂದಿರುತ್ತದೆ, ಇಂಟರ್ನಲ್ಸ್ ಇರುತ್ತವೆ. ಎರಡು ವಾರ ಹೊಲಕ್ಕೆ ಹೋದರೆ ಹಾಜರಾತಿ ಕಡಿಮೆ, ಇಂಟರ್ನಲ್ ಅಂಕ ಕಡಿಮೆ, ಒಂದೆರಡು ಪೇಪರ್ ಬ್ಯಾಕ್. ಮೂರನೇ ಸೆಮಿಸ್ಟರ್ ಹೊತ್ತಿಗೆ ಬ್ಯಾಕ್ ನಾಲ್ಕೈದಾಗುತ್ತವೆ. ಕಾಲೇಜು ಬಿಡುವವನು ಒಂದು ದಿನ ಕೂತು ಬಿಡುವ ತೀರ್ಮಾನ ಮಾಡುವುದಿಲ್ಲ. ದಸರಾ ರಜೆಗೆ ಊರಿಗೋ ಕೆಲಸಕ್ಕೋ ಹೋದವನು ವಾಪಸ್ ಬರುವುದಿಲ್ಲ, ಅಷ್ಟೆ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಇನ್ನೂ ಇರುತ್ತದೆ.

ಹಾಗಾಗಿ ನಿಮ್ಮ ಮಗ ಸೋಮಾರಿ ಎಂದೋ, ಓದು ತಲೆಗೆ ಹತ್ತಲಿಲ್ಲ ಎಂದೋ ದಯವಿಟ್ಟು ತೀರ್ಮಾನಿಸಬೇಡಿ. ಸರ್ಕಾರಿ ಕಾಲೇಜು ಕೆಟ್ಟದ್ದು ಎಂದೂ ತೀರ್ಮಾನಿಸಬೇಡಿ. ಅವನಿಗೆ ದುಡ್ಡು ಬರಬೇಕಾದ ಹೊತ್ತಿಗೆ ಬರಲಿಲ್ಲ ಎಂಬುದೇ ಮುಖ್ಯ ಕಾರಣ ಇರಬಹುದು. ಪ್ರವರ್ಗ-1 ಎಂದು ಬರೆದಿದ್ದೀರಿ. ಅವನಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬಂತೇ? ಹಾಸ್ಟೆಲ್ ಸಿಗದವರಿಗೆ ಕೊಡುವ ವಿದ್ಯಾಸಿರಿ ನೆರವು ಬಂತೇ? ಬಂದಿದ್ದರೆ ಯಾವ ತಿಂಗಳಲ್ಲಿ ಬಂತು? ಪತ್ರದಲ್ಲಿ ಒಂದು ಮಾತೂ ಇಲ್ಲದ್ದು ನೋಡಿದರೆ ಬಂದಿರಲಿಕ್ಕಿಲ್ಲ ಅನ್ನಿಸುತ್ತದೆ.

ಈ ಸ್ಕಾಲರ್‌ಶಿಪ್ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಗಳ ಮೂರು ವರ್ಷ ಇದರ ಮೇಲೇ ನಿಂತಿದೆ.

ರಾಜ್ಯದ ಹೆಚ್ಚಿನ ವಿದ್ಯಾರ್ಥಿವೇತನಗಳಿಗೆ ಈಗ ಒಂದೇ ಬಾಗಿಲು, ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಅರ್ಜಿ ಹಾಕಲು ಆಧಾರ್ ಬೇಕು, ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ ಬೇಕು, ನಾಡಕಚೇರಿಯಲ್ಲಿ ಕೊಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಅಪ್‌ಲೋಡ್ ಮಾಡುವ ದಾಖಲೆಗಳನ್ನು ಕಾಲೇಜಿನಲ್ಲಿ ಇ-ದೃಢೀಕರಣ ಮಾಡಬೇಕು. ಅಲ್ಲಿಂದ ಇಲಾಖೆಯವರು ಪರಿಶೀಲಿಸಿ, ಆಮೇಲೆ ಹಣ ನೇರ ಬ್ಯಾಂಕ್ ಖಾತೆಗೆ. ಕಾಗದದ ಮೇಲೆ ಚೆನ್ನಾಗಿದೆ, ಮಧ್ಯವರ್ತಿ ಇಲ್ಲ. ಆದರೆ ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಕಳಚಿದರೂ ಯಾರೂ ಫೋನ್ ಮಾಡಿ ತಿಳಿಸುವುದಿಲ್ಲ. ಪೋರ್ಟಲ್ ಒಳಗೆ ಹೋಗಿ ನಾವೇ ಸ್ಟೇಟಸ್ ನೋಡಿಕೊಳ್ಳಬೇಕು.

ಎಲ್ಲಿ ಕಳಚುತ್ತದೆ? ಆಧಾರ್‌ನಲ್ಲಿ ‘ಲಕ್ಷ್ಮಿ’, ಅಂಕಪಟ್ಟಿಯಲ್ಲಿ ‘ಲಕ್ಷ್ಮೀ ಎಚ್’. ಎರಡೂ ಹೊಂದುವುದಿಲ್ಲ ಎಂದು ಅರ್ಜಿ ಮುಂದೆ ಹೋಗುವುದಿಲ್ಲ. ಆದಾಯ ಪ್ರಮಾಣಪತ್ರ ಐದು ವರ್ಷಕ್ಕೆ ಮುಗಿಯುತ್ತದೆ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಸರಿಯಾಗಿ ಡಿಗ್ರಿಯ ನಡುವೆ ಕೈಕೊಡುತ್ತದೆ. ಇನ್ನೊಂದು ಇದೆ, ಇದು ಯಾರ ತಲೆಗೂ ಹೊಳೆಯುವುದಿಲ್ಲ. ಹಣ ಹೋಗುವುದು ನೀವು ಪಾಸ್‌ಬುಕ್ ಕೊಟ್ಟ ಖಾತೆಗಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಹುಡುಗ ಹೊಸ ಸಿಮ್ ತಗೊಳ್ಳುವಾಗಲೋ, ಕೆಲಸಕ್ಕೆ ಸೇರುವಾಗಲೋ ಹೆಬ್ಬೆಟ್ಟು ಒತ್ತಿ ಯಾವುದೋ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿರುತ್ತಾನೆ. ಜೋಡಣೆ ಅಲ್ಲಿಗೆ ಹಾರಿರುತ್ತದೆ. ಅಮ್ಮ ಗ್ರಾಮೀಣ ಬ್ಯಾಂಕಿನ ಮುಂದೆ ಪಾಸ್‌ಬುಕ್ ಹಿಡಿದು ನಿಂತಿರುತ್ತಾಳೆ, ದುಡ್ಡು ಮಗನಿಗೇ ನೆನಪಿಲ್ಲದ ಖಾತೆಯಲ್ಲಿ ಬಿದ್ದಿರುತ್ತದೆ. ನಾನು ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಕೆಲಸ ನೋಡಿಕೊಳ್ಳುತ್ತಿದ್ದಾಗ ‘ಬಂದೇ ಇಲ್ಲ ಸರ್’ ಎಂದು ಬಂದ ಎಷ್ಟೋ ಮಕ್ಕಳ ಹಣ ಹೀಗೆ ಸಿಕ್ಕಿದೆ. ಆಧಾರ್‌ನ ಅಧಿಕೃತ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂದು ಇದೆ. ಮಗನದ್ದೂ ಮಗಳದ್ದೂ ಇವತ್ತೇ ನೋಡಿಸಿ, ಐದು ನಿಮಿಷದ ಕೆಲಸ.

ಮೂರು ಎಕರೆ ಹೊಲ ಇದೆ ಎಂದಿರಿ. ರೈತ ವಿದ್ಯಾನಿಧಿ ಎಂಬ ಯೋಜನೆ 2021ರಲ್ಲಿ ಶುರುವಾಯಿತು. ಆಗ ಗೊತ್ತುಪಡಿಸಿದಂತೆ ಬಿ.ಎ., ಬಿ.ಕಾಂ. ಓದುವ ಗಂಡುಮಕ್ಕಳಿಗೆ ವರ್ಷಕ್ಕೆ 5,000, ಹೆಣ್ಣುಮಕ್ಕಳಿಗೆ 5,500. ಇದಕ್ಕೆ ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶದ ರೈತ ಐಡಿ ಬೇಕು, ಅದು ಅಪ್ಪ ಅಥವಾ ಅಮ್ಮನ ಹೆಸರಲ್ಲಿರಬೇಕು. ಹಳ್ಳಿಗಳಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ. ಹೊಲ ಉಳುವುದು ನಾವೇ, ಕಾಗದದಲ್ಲಿ ರೈತರಲ್ಲ. ಪಹಣಿಯನ್ನು ವಾರಸುದಾರರ ಹೆಸರಿಗೆ ತರುವ ಪೌತಿ ಖಾತೆ ಮಾಡಿಸದೆ ಬಿಟ್ಟದ್ದು ಮಕ್ಕಳ ಸ್ಕಾಲರ್‌ಶಿಪ್‌ಗೆ ಕುತ್ತು ತರುತ್ತದೆ ಎಂದು ಯಾರು ಊಹಿಸಿಯಾರು? ನಿಮ್ಮ ಪಹಣಿ ಯಾರ ಹೆಸರಲ್ಲಿದೆ ಎಂದು ಒಮ್ಮೆ ನೋಡಿ. ಈ ವರ್ಷದ ಪ್ರಕಟಣೆಯಲ್ಲಿ ಮೊತ್ತ, ಷರತ್ತು ಏನಿದೆ ಎಂದು ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಈಗ ಸ್ವಲ್ಪ ನೀತಿಯ ಮಾತು. ಕೇಂದ್ರದ 2021–22ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕಾಲೇಜು ವಯಸ್ಸಿನ ಪ್ರತಿ ನೂರು ಜನಕ್ಕೆ 36 ಮಂದಿ ಉನ್ನತ ಶಿಕ್ಷಣದಲ್ಲಿದ್ದರು, ದೇಶದ ಸರಾಸರಿ 28. ಜನಸಂಖ್ಯೆಗೆ ಹೋಲಿಸಿದರೆ ಕಾಲೇಜುಗಳ ಸಂಖ್ಯೆಯಲ್ಲೂ ನಾವೇ ಮುಂದೆ. ಸರ್ಕಾರಿ ಪದವಿ ಕಾಲೇಜುಗಳೇ ನಾಲ್ಕು ನೂರಕ್ಕೂ ಹೆಚ್ಚಿವೆ, ಹೋಬಳಿಗೂ ಬಂದಿವೆ. ಇದು ಸಣ್ಣ ಸಾಧನೆಯಲ್ಲ. ಆದರೆ ನಾವು ಎಣಿಸುವುದು ಸೇರಿದವರನ್ನು. ಸೇರಿದವರಲ್ಲಿ ಮೂರು ವರ್ಷದಲ್ಲಿ ಎಷ್ಟು ಮಂದಿ ಡಿಗ್ರಿ ಹಿಡಿದು ಹೊರಬಂದರು ಎಂದು ಕಾಲೇಜುವಾರು ಲೆಕ್ಕ ಹಾಕಿ ಗೋಡೆಗೆ ಅಂಟಿಸುವ ರೂಢಿ ನಮ್ಮಲ್ಲಿಲ್ಲ. ಪಾಸಾದವರ ಶೇಕಡಾವಾರು ಹೇಳುತ್ತಾರಲ್ಲ, ಅದು ಪರೀಕ್ಷೆಗೆ ಕೂತವರದ್ದು. ನಿಮ್ಮ ಮಗ ಕೊನೆಯ ಪರೀಕ್ಷೆಗೇ ಕೂರಲಿಲ್ಲ, ಹಾಗಾಗಿ ಆ ಕಾಲೇಜಿನ ಫಲಿತಾಂಶ ಅವನಿಂದ ಕೆಡಲಿಲ್ಲ.

ದುಡ್ಡಿನ ಹಂಚಿಕೆಯನ್ನೇ ನೋಡಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ, ವಸತಿಗೆಂದು ವಿದ್ಯಾಸಿರಿ ಶುರು ಮಾಡಿದಾಗ ಕೊಟ್ಟದ್ದು ತಿಂಗಳಿಗೆ 1,500, ಅದೂ ಹತ್ತು ತಿಂಗಳು. ಡಿಗ್ರಿ ಮುಗಿಸಿ ಕೆಲಸ ಸಿಗದೆ ಕೂತವರಿಗೆ 2024ರ ಜನವರಿಯಿಂದ ಯುವನಿಧಿಯಲ್ಲಿ ತಿಂಗಳಿಗೆ 3,000, ಎರಡು ವರ್ಷದವರೆಗೆ. ಯುವನಿಧಿ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಎರಡನೇ ವರ್ಷದ ಡಿಸೆಂಬರಿನಲ್ಲಿ ಕೈಗೆ ಬಂದ 3,000ಕ್ಕೂ, ಡಿಗ್ರಿ ಮುಗಿದ ಮೇಲೆ ಬರುವ 3,000ಕ್ಕೂ ಬೆಲೆ ಒಂದೇ ಅಲ್ಲ. ಮೊದಲನೆಯದು ಓದು ಉಳಿಸುತ್ತಿತ್ತು.

ಇದು ಬರೀ ನನ್ನ ಅಭಿಪ್ರಾಯವಲ್ಲ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಎರಡು ವರ್ಷದ ಕಾಲೇಜುಗಳಲ್ಲಿ 2007ರಿಂದ ‘ಎಎಸ್‌ಎಪಿ’ ಎಂಬ ಕಾರ್ಯಕ್ರಮ ನಡೆಯುತ್ತಿದೆ. ಬಡ ಮಕ್ಕಳಿಗೆ ಅಲ್ಲಿ ಬೋಧನಾ ಶುಲ್ಕದ ನೆರವು ಮೊದಲೇ ಇತ್ತು, ಆದರೂ ಬಿಟ್ಟುಹೋಗುತ್ತಿದ್ದರು. ಈ ಕಾರ್ಯಕ್ರಮದವರು ಕೊಟ್ಟದ್ದೇನು? ಮೆಟ್ರೊ ಕಾರ್ಡು, ಪಠ್ಯಪುಸ್ತಕದ ಖರ್ಚು, ಆಗಾಗ ಕರೆದು ಮಾತಾಡಿಸುವ ಒಬ್ಬ ಸಲಹೆಗಾರ. ಆ ಸಲಹೆಗಾರನ ಕೈಕೆಳಗೆ ಹೆಚ್ಚು ಮಕ್ಕಳನ್ನು ತುರುಕಲಿಲ್ಲ. ಚೀಟಿ ಎತ್ತಿದ ಹಾಗೆ ಕೆಲವರನ್ನು ಸೇರಿಸಿಕೊಂಡು, ಉಳಿದವರೊಂದಿಗೆ ಹೋಲಿಸಿ ನೋಡಿದರು. ಮೂರು ವರ್ಷದೊಳಗೆ ಮುಗಿಸಿದವರು ಹೊರಗಿದ್ದವರಲ್ಲಿ ಶೇ 22, ಕಾರ್ಯಕ್ರಮದಲ್ಲಿದ್ದವರಲ್ಲಿ ಶೇ 40. ಒಹಾಯೊ ರಾಜ್ಯದಲ್ಲೂ ಇದನ್ನು ಮಾಡಿದರು. ಮೆಟ್ರೊ ಇಲ್ಲದ ಕಡೆ ಪೆಟ್ರೋಲಿಗೂ ದಿನಸಿಗೂ ಕಾರ್ಡು ಕೊಟ್ಟರು, ಅಲ್ಲೂ ಮುಗಿಸಿದವರು ಇಮ್ಮಡಿಯ ಹತ್ತಿರ ಆದರು. ನಮ್ಮಲ್ಲಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಕಾಲೇಜು ಹುಡುಗಿಯರಿಗೆ ಆದದ್ದೂ ಸ್ವಲ್ಪ ಇಂಥದ್ದೇ, ಯಾರೂ ಅದನ್ನು ಶಿಕ್ಷಣ ನೀತಿ ಎಂದು ಕರೆಯದಿದ್ದರೂ. ನಿಮ್ಮ ಮಗಳಿಗೆ ಸಾರಿಗೆ ಬಸ್ಸು ಪುಕ್ಕಟೆ. ಅಣ್ಣನಿಗೆ ಆ ಅನುಕೂಲ ಇರಲಿಲ್ಲ.

ಕನ್ನಡನಾಡಿಗೆ ಇದು ಹೊಸ ಪಾಠವೂ ಅಲ್ಲ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಶುರುವಾಯಿತು. ಎರಡೇ ವರ್ಷಕ್ಕೆ, 1918ರಲ್ಲಿ, ಹಿಂದುಳಿದ ಸಮುದಾಯಗಳ ಸ್ಥಿತಿ ನೋಡಲು ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದರು. ವಿದ್ಯಾರ್ಥಿವೇತನದ ಮಾತು ಆಗಲೇ ಬಂತು. ಜಾತಿ ಸಂಘಗಳೂ ಮಠಗಳೂ ಊರೂರಲ್ಲಿ ಫ್ರೀ ಹಾಸ್ಟೆಲ್ ಕಟ್ಟಿದ್ದು ಯಾಕೆ? ಕಾಲೇಜು ಇದ್ದರೆ ಸಾಲದು, ಹುಡುಗನಿಗೆ ಎರಡು ಹೊತ್ತು ಊಟ, ಮಲಗಲು ಜಾಗ ಬೇಕು ಎಂದು ಅವರಿಗೆ ಗೊತ್ತಿತ್ತು. ವಾರಾನ್ನ ಉಂಡು ಓದಿದವರ ಕಾಲದ ಬುದ್ಧಿ ಅದು.

ಆಮೇಲೆ ಏನಾಯಿತೆಂದರೆ, ನಮ್ಮ ರಾಜ್ಯದ ಫೀಸಿನ ಜಗಳವೆಲ್ಲ ಎಂಜಿನಿಯರಿಂಗ್, ಮೆಡಿಕಲ್ ಸೀಟಿನ ಸುತ್ತ ಸುತ್ತಿತು. ಸೀಟಿಗೆ ವಂತಿಗೆ ಕೀಳುವುದನ್ನು ತಡೆಯುವ 1984ರ ಕ್ಯಾಪಿಟೇಶನ್ ನಿಷೇಧ ಕಾಯ್ದೆ, ಅದೇ ವಂತಿಗೆಯ ವಿರುದ್ಧ 1992ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮೋಹಿನಿ ಜೈನ್ ಪ್ರಕರಣ, 1994ರಿಂದ ಸಿಇಟಿ, ಸರ್ಕಾರಿ ಕೋಟಾ, ಬಡವರಿಗೆ ಎಸ್‌ಎನ್‌ಕ್ಯು ಎಂಬ ಹೆಚ್ಚುವರಿ ಸೀಟು. ಇವೆಲ್ಲ ಬೇಕಿತ್ತು. ಬಿ.ಎ., ಬಿ.ಕಾಂ., ಬಿಬಿಎ ಓದುವ ಲಕ್ಷಾಂತರ ಮಕ್ಕಳ ಬಗ್ಗೆ ಅಷ್ಟು ಹಟ ಯಾರೂ ಹಿಡಿಯಲಿಲ್ಲ. ಹಾಗಾಗಿಯೇ ನಿಮಗೆ ಫೋನ್ ಮಾಡುತ್ತಿರುವ ಕಾಲೇಜು 90,000 ಎಂದರೆ ಅದು 90,000.

ಇನ್ನು ಮೂರು ವರ್ಷವೋ ನಾಲ್ಕೋ. ನಿಮ್ಮ ಮಗಳಿಗೆ ಮೂರು. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021–22ರಲ್ಲಿ ಕರ್ನಾಟಕ ನಾಲ್ಕು ವರ್ಷದ ಆನರ್ಸ್ ತಂದಿತು. ಸರ್ಕಾರ ಬದಲಾಯಿತು, ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. ಅದರ ಮಧ್ಯಂತರ ವರದಿಯ ಮೇಲೆ 2024–25ರಿಂದ ಮೂರು ವರ್ಷಕ್ಕೆ ವಾಪಸ್ ಬಂದರು. ನಡುವೆ ಸಿಕ್ಕಿಕೊಂಡ ಮೂರು ಬ್ಯಾಚಿನವರ ಪಾಡು ಮಾತ್ರ ಅವರಿಗೇ ಗೊತ್ತು. ವಿದೇಶಕ್ಕೆ ಓದಲು ಹೋಗುವವರಿಗೆ ನಾಲ್ಕನೇ ವರ್ಷ ಉಪಯೋಗಕ್ಕೆ ಬರುತ್ತದೆ. ನಿಮ್ಮಂಥ ಮನೆಗೆ ಒಂದು ವರ್ಷ ಹೆಚ್ಚು ಓದುವುದೆಂದರೆ ಒಂದು ವರ್ಷದ ದುಡಿಮೆ ಕಳೆದುಕೊಳ್ಳುವುದು. ಮೂರಕ್ಕೆ ಇಳಿಸಿದ್ದು ಸರಿಯೇ ಎಂದು ನನ್ನ ಲೆಕ್ಕ. ಮೂರು ವರ್ಷ ಪೂರ್ತಿ ಪಾಠ ನಡೆಯಬೇಕಲ್ಲ, ಪ್ರಶ್ನೆ ಅದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠ ನಡೆಯುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿಂದ. ಪ್ರತಿ ವರ್ಷ ಅವರ ಆಯ್ಕೆ ಹೊಸದಾಗಿ ನಡೆಯಬೇಕು, ಸೆಮಿಸ್ಟರ್ ಅದಕ್ಕೆ ಕಾಯುವುದಿಲ್ಲ. 2023ರ ಕೊನೆಗೆ ಅವರು ಕಾಯಂ ಮಾಡಿ ಎಂದು ತರಗತಿ ಬಹಿಷ್ಕರಿಸಿದಾಗ ಎಷ್ಟೋ ಕಾಲೇಜುಗಳಲ್ಲಿ ಬೋರ್ಡು ಒರೆಸುವವರೂ ಇರಲಿಲ್ಲ.

ಮಗಳ ವಿಷಯಕ್ಕೆ ನೇರ ಹೇಳುತ್ತೇನೆ. ಬೆಂಗಳೂರು ಬೇಡ. ಊರಿಂದ ದಿನಾ ಓಡಾಡುವುದೂ ಬೇಡ. ರಾಯಚೂರಿನಲ್ಲೋ, ಹಾಸ್ಟೆಲ್ ಸಿಗುವ ಬೇರೆ ಊರಲ್ಲೋ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಬಿ.ಕಾಂ.ಗೆ ಸೇರಿಸಿ. ಸರ್ಕಾರಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗೆ ಆನ್‌ಲೈನ್ ಅರ್ಜಿ ಕರೆದ ದಿನವೇ ಹಾಕಿ, ಶೇ 84ಕ್ಕೆ ಸಿಗುವ ಸಾಧ್ಯತೆ ಚೆನ್ನಾಗಿದೆ. ಸಿಗದಿದ್ದರೆ ವಿದ್ಯಾಸಿರಿ. ಎರಡೂ ಒಟ್ಟಿಗೆ ಇಲ್ಲ. ನನ್ನ ಕೇಳಿದರೆ ಹಾಸ್ಟೆಲ್ಲೇ ಮೇಲು. ಸ್ಕಾಲರ್‌ಶಿಪ್ ಮಾರ್ಚಿಗೆ ಬರಬಹುದು, ಊಟ ಮಾತ್ರ ಅವತ್ತಿನದು ಅವತ್ತೇ ಬರುತ್ತದೆ. ನೀವು ಕಲ್ಯಾಣ ಕರ್ನಾಟಕದವರು, ಈ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಈಗಲೇ ಮಾಡಿಸಿಡಿ. ಬಿ.ಕಾಂ. ಸೀಟಿಗೆ ಅಷ್ಟು ಬೇಕಾಗದಿದ್ದರೂ ಮುಂದೆ ಎಂ.ಕಾಂ.ಗೆ, ಸರ್ಕಾರಿ ನೌಕರಿಗೆ ಬೇಕೇ ಬೇಕು.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ಕಾಮರ್ಸ್ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ ಎಂದು ಕೇಳಿ. ಮೂರು ವರ್ಷದ ಹಿಂದೆ ಮೊದಲ ಸೆಮಿಸ್ಟರ್‌ಗೆ ಎಷ್ಟು ಮಂದಿ ಸೇರಿದ್ದರು, ಅವರಲ್ಲಿ ಕೊನೆಯ ಸೆಮಿಸ್ಟರ್ ಪರೀಕ್ಷೆ ಬರೆದವರೆಷ್ಟು ಎಂದು ಕೇಳಿ. ಪ್ರಾಂಶುಪಾಲರು ತಬ್ಬಿಬ್ಬಾದರೂ ಪರವಾಗಿಲ್ಲ, ಕಚೇರಿಯ ಗುಮಾಸ್ತರಿಗೆ ಗೊತ್ತಿರುತ್ತದೆ. ಸ್ಕಾಲರ್‌ಶಿಪ್ ನೋಡಿಕೊಳ್ಳುವವರು ಯಾರು, ಎಲ್ಲಿ ಕೂರುತ್ತಾರೆ ಎಂದು ಅವತ್ತೇ ಪರಿಚಯ ಮಾಡಿಕೊಂಡು ಬನ್ನಿ.

ಬೆಂಗಳೂರು ಯಾಕೆ ಬೇಡ ಎಂದರೆ ಲೆಕ್ಕ ಹೀಗಿದೆ. ಫೀಸು ಮೂರು ವರ್ಷಕ್ಕೆ 2.7 ಲಕ್ಷ, ಎರಡನೇ ವರ್ಷ ಏರಿಸದಿದ್ದರೆ. ಹಾಸ್ಟೆಲ್, ಊಟ, ಓಡಾಟ ಸೇರಿದರೆ ನಾಲ್ಕೂವರೆ ದಾಟುತ್ತದೆ. 4 ಲಕ್ಷದ ಸಾಲಕ್ಕೆ ಶೇ 10ರ ಬಡ್ಡಿಯಲ್ಲಿ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 5,300. ಓದುವ ಕಾಲದ ಬಡ್ಡಿ ಸೇರಿದರೆ ಇನ್ನೂ ಹೆಚ್ಚು. ಬಿಬಿಎ ಮುಗಿಸಿದ ಹುಡುಗಿಯ ಮೊದಲ ಸಂಬಳ ಬೆಂಗಳೂರಿನ ರೂಮು ಬಾಡಿಗೆಗೂ ಊಟಕ್ಕೂ ಸರಿಹೋದರೆ ಹೆಚ್ಚು, ಈ ಕಂತನ್ನು ಎಲ್ಲಿಂದ ಕಟ್ಟುತ್ತಾಳೆ? ‘ಲೋನ್ ನಾವೇ ಮಾಡಿಸುತ್ತೇವೆ’ ಎನ್ನುವವರು ಯಾವ ಬ್ಯಾಂಕಿನದ್ದು ಎಂದು ಹೇಳಿದ್ದಾರೆಯೇ? ಸರ್ಕಾರಿ ಬ್ಯಾಂಕಿನ ಶಿಕ್ಷಣ ಸಾಲಕ್ಕೆ 4 ಲಕ್ಷದವರೆಗೆ ಅಡಮಾನ ಬೇಡ, ಓದು ಮುಗಿದು ಒಂದು ವರ್ಷದವರೆಗೆ ಕಂತೂ ಇಲ್ಲ. ಕಾಲೇಜಿನ ಕೌಂಟರ್‌ನಲ್ಲೇ ಕೂತ ಫೈನಾನ್ಸ್ ಕಂಪನಿಯದ್ದಾದರೆ ಮುಂದಿನ ತಿಂಗಳಿಂದಲೇ ಕಂತು ಶುರುವಾಗಬಹುದು, ಅದು ನಿಮ್ಮ ಹೆಸರಲ್ಲಿ. ಪಿಎಂ ವಿದ್ಯಾಲಕ್ಷ್ಮಿ ಎಂಬ 2024ರ ಕೇಂದ್ರ ಯೋಜನೆಯಲ್ಲಿ ಬಡ್ಡಿ ರಿಯಾಯಿತಿ ಇದೆ, ಆದರೆ ಪಟ್ಟಿಯಲ್ಲಿರುವ ಆಯ್ದ ಸಂಸ್ಥೆಗಳಿಗೆ ಮಾತ್ರ. ಈ ಕಾಲೇಜು ಅದರಲ್ಲಿದೆಯೇ ಎಂದು ಫೋನ್ ಮಾಡುವವರನ್ನೇ ಕೇಳಿ, ಫೋನ್ ಬರುವುದು ಕಡಿಮೆಯಾದರೂ ಆದೀತು. ಬಿಬಿಎ, ಬಿಸಿಎಗಳು 2024–25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಅಡಿ ಬಂದಿವೆ, ಆ ಅನುಮೋದನೆ ಪತ್ರವನ್ನೂ ಕೇಳಿ.

ಅವರಿಗೆ ಈಗಾಗಲೇ ಮುಂಗಡ ಕೊಟ್ಟಿದ್ದರೆ ಗಾಬರಿ ಬೇಡ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಇರುವಾಗಲೇ ಬಿಟ್ಟರೆ ಪೂರ್ತಿ ಫೀಸು ವಾಪಸ್ ಕೊಡಬೇಕು, ಶೇ 5 ಮೀರದಂತೆ ಗರಿಷ್ಠ 5,000 ಮಾತ್ರ ಹಿಡಿದುಕೊಳ್ಳಬಹುದು. ಆಮೇಲೆ ತಡವಾದಷ್ಟೂ ವಾಪಸ್ ಬರುವುದು ಇಳಿಯುತ್ತದೆ, ಕೊನೆಯ ದಿನ ಕಳೆದು ತಿಂಗಳಾದರೆ ಏನೂ ಇಲ್ಲ. ಅಸಲು ಅಂಕಪಟ್ಟಿ ಇಟ್ಟುಕೊಳ್ಳುವ ಹಕ್ಕು ಯಾವ ಕಾಲೇಜಿಗೂ ಇಲ್ಲ. ಪರಿಶೀಲನೆಗೆ ತೋರಿಸಿ, ಕೈಯಲ್ಲೇ ಹಿಡಿದು ಬನ್ನಿ.

ಇನ್ನು ಮಗ. ನೀವು ಅವನ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. ಅವನು ಪಾಸ್ ಮಾಡಿದ ಪೇಪರುಗಳು ಸತ್ತಿಲ್ಲ. ಕೋರ್ಸ್ ಮುಗಿಸಲು ಗರಿಷ್ಠ ಎಷ್ಟು ವರ್ಷ ಅವಕಾಶ ಎಂದು ಅವನ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಕೇಳಿ. ಅವಧಿ ಉಳಿದಿದ್ದರೆ ಹಳೇ ಕಾಲೇಜಿನಲ್ಲೇ ಮರುಪ್ರವೇಶ ಕೇಳಬಹುದು. ಕೆಲಸ ಬಿಡಲು ಆಗದಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ನಡುವೆ ಅದರ ಮಾನ್ಯತೆ ಹೋಗಿತ್ತು, 2018ರಲ್ಲಿ ಮತ್ತೆ ಸಿಕ್ಕಿದೆ, ಆ ಭಯ ಬೇಡ. ವರ್ಷಕ್ಕೆ ಎರಡು ಬಾರಿ, ಜುಲೈ ಮತ್ತು ಜನವರಿ ಆವೃತ್ತಿಗೆ ಪ್ರವೇಶ ನಡೆಯುತ್ತದೆ, ಬೆಂಗಳೂರಿನಲ್ಲೂ ಪ್ರಾದೇಶಿಕ ಕೇಂದ್ರಗಳಿವೆ. ಡೆಲಿವರಿ ಹುಡುಗರಿಗೆ ಮಧ್ಯಾಹ್ನ ಊಟದ ಆರ್ಡರ್ ಮುಗಿದ ಮೇಲೆ ಸಂಜೆವರೆಗೆ ಸ್ವಲ್ಪ ಬಿಡುವು ಇರುತ್ತದೆ, ಅಂಥ ಒಂದು ಮಧ್ಯಾಹ್ನ ಅಂಕಪಟ್ಟಿಗಳನ್ನು ಹಿಡಿದುಕೊಂಡು ಹೋಗಿ ವಿಚಾರಿಸಲಿ.